ಬೆಳೆದದ್ದು ಯಾವುದು?

ರಾತ್ರಿ ಅರ್ಧ ಪಾತ್ರೆಯಷ್ಟಿದ್ದ ದೋಸೆ ಹಿಟ್ಟು,
ಬೆಳಿಗ್ಗೆ ಮುಚ್ಚಳ ಎತ್ತಿಬಿಟ್ಟಿರುತ್ತೆ.
ಹಿಟ್ಟು ಬೆಳೀತಾ?

ತೂಕ ಹಾಕಿ ನೋಡಿ.
ಒಂದು ಗ್ರಾಂ ಕೂಡ ಹೆಚ್ಚಿರಲ್ಲ!

ಬೆಳೆದಿದ್ದು ಒಳಗಿರೋ ಬ್ಯಾಕ್ಟೀರಿಯಾ.
ಅದೂ ಗಾತ್ರದಲ್ಲಲ್ಲ, ಸಂಖ್ಯೆಯಲ್ಲಿ.
ಒಂದು ಸೀಳಿ ಎರಡು,
ಎರಡು ಸೀಳಿ ನಾಲ್ಕು.
ಅವು ಬಿಟ್ಟ ಕಾರ್ಬನ್ ಡೈಆಕ್ಸೈಡ್
ಹಿಟ್ಟಲ್ಲಿ ಸಿಕ್ಕಿಹಾಕಿಕೊಂಡು ಗುಳ್ಳೆ ಗುಳ್ಳೆಯಾಗುತ್ತೆ.
ಉಬ್ಬಿದ್ದು ಆ ಗಾಳಿಯಿಂದ.

ಮಗುವಿನ ಕಥೆ ಬೇರೆ.
ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್,
ವರ್ಷ ತುಂಬುವಾಗ ಸುಮಾರು 75.
ಇದೇ ವೇಗದಲ್ಲಿ ಹೋದ್ರೆ,
20ನೇ ವಯಸ್ಸಿಗೆ ಐದೂವರೆ ಮೀಟರ್ ಎತ್ತರ!
ಹಾಗಾಗಲ್ಲ.
ವೇಗ ಇಳಿಯುತ್ತೆ, ಹರೆಯದಲ್ಲಿ ಮತ್ತೆ ಏರುತ್ತೆ,
ಆಮೇಲೆ ಉದ್ದ ಮೂಳೆಗಳ ತುದಿಯ ಮೃದ್ವಸ್ಥಿ ಗಟ್ಟಿಯಾಗಿ,
ಎತ್ತರ ನಿಂತೇ ಹೋಗುತ್ತೆ.
ಈ ನಿಲ್ಲೋದೇ ಆರೋಗ್ಯ.

ಆದ್ರೆ ಅರ್ಥಶಾಸ್ತ್ರದಲ್ಲಿ ನಿಂತ್ರೆ ಗಾಬರಿ.
ಜಿಡಿಪಿ ಶೇ. 6 ಬೆಳೀತು ಅಂದ್ರೆ,
ಬೆಲೆಯೇರಿಕೆ ಕಳೆದು,
ದೇಶದ ಒಟ್ಟು ಉತ್ಪಾದನೆ
ಹೋದ ವರ್ಷಕ್ಕಿಂತ ಅಷ್ಟು ಹೆಚ್ಚಾಯ್ತು ಅಂತ.
ಇದು ಚಕ್ರಬಡ್ಡಿ ಇದ್ದ ಹಾಗೆ.
ಪ್ರತಿ ವರ್ಷ ಶೇ. 6 ಆದ್ರೆ,
ಸುಮಾರು 12 ವರ್ಷಕ್ಕೆ ದುಪ್ಪಟ್ಟು.

ಆ ದುಪ್ಪಟ್ಟು ಯಾರ ಮನೆ ಸೇರ್ತು?
ಜಿಡಿಪಿ ಅದನ್ನ ಹೇಳಲ್ಲ.
ಅದಕ್ಕೆ ಕೂಲಿ ಎಷ್ಟು ಏರ್ತು,
ಕೆಲಸ ಎಷ್ಟು ಜನಕ್ಕೆ ಸಿಕ್ತು,
ಅಂತ ಬೇರೆಯೇ ಲೆಕ್ಕ ತೆಗೀಬೇಕು.