60 ಗಿಗಾಹರ್ಟ್ಸ್‌ನಲ್ಲಿ ತಂತಿ ಬರೀ ತಂತಿಯಲ್ಲ

ಎಲೆಕ್ಟ್ರಾನಿಕ್ಸ್ ಓದಿ ‘ಚಿಪ್ ಡಿಸೈನ್’ ಎಂದು ಹೊರಟ ನನ್ನ ಗೆಳೆಯರೆಲ್ಲ ಬೆಂಗಳೂರಿನಲ್ಲಿ ವೆರಿಫಿಕೇಶನ್ ಕೆಲಸ ಹಿಡಿದರು. ಹುದ್ದೆಗಳು ಹೆಚ್ಚಿರುವುದೇ ಅಲ್ಲಿ. ನಾನು ಆರಿಸಿಕೊಂಡಿದ್ದು ಆರ್‌ಎಫ್, ಅಂದರೆ ರೇಡಿಯೊ ಚಿಪ್. ‘ಆಕಾಶವಾಣಿಯಾ?’ ಎಂದು ಅಪ್ಪ ಈಗಲೂ ಕೇಳುತ್ತಾರೆ.

ನಮ್ಮ ತಂಡದ್ದು 60 ಗಿಗಾಹರ್ಟ್ಸ್ ಚಿಪ್. ಮನೆಯ ವೈಫೈಗೆ 2.4 ಗಿಗಾಹರ್ಟ್ಸ್‌ನಲ್ಲಿ ಸಿಗುವ ಜಾಗ ಒಟ್ಟು 100 ಮೆಗಾಹರ್ಟ್ಸ್ ಕೂಡ ಇಲ್ಲ. 60ರ ಬಳಿ ಒಂದೊಂದು ವೈಗಿಗ್ ಚಾನೆಲ್ಲೇ 2,160 ಮೆಗಾಹರ್ಟ್ಸ್ ಅಗಲ. ಸೆಕೆಂಡಿಗೆ ಹಲವು ಗಿಗಾಬಿಟ್ ಹರಿಯುವುದು ಇದರಿಂದಲೇ. ಆದರೆ ಈ ಅಲೆಗಳು ಗೋಡೆ ದಾಟಲು ಒದ್ದಾಡುತ್ತವೆ; ಗಾಳಿಯ ಆಮ್ಲಜನಕವೂ ಅವನ್ನು ಹೀರುತ್ತದೆ. (ಜಗದೀಶ ಚಂದ್ರ ಬೋಸರು 1890ರ ದಶಕದಲ್ಲೇ ಕಲ್ಕತ್ತದಲ್ಲಿ ಮಿಲಿಮೀಟರ್ ಅಲೆಗಳ ಪ್ರಯೋಗ ಮಾಡಿದ್ದರು. ಕಾಲೇಜಿನಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ.)

ನಿಜವಾದ ಗೋಳು ಲೇಔಟ್‌ನಲ್ಲಿ. ಸರ್ಕ್ಯೂಟ್ ಚಿತ್ರದಲ್ಲಿ ತಂತಿ ಎಂದರೆ ಒಂದು ಗೆರೆ. ಚಿಪ್‌ನ ಮೇಲೆ ಆ ಗೆರೆಗೂ ಇಂಡಕ್ಟನ್ಸ್ ಇರುತ್ತದೆ. 0.1 ನ್ಯಾನೊಹೆನ್ರಿ ಎಂದರೆ 100 ಮೆಗಾಹರ್ಟ್ಸ್‌ನಲ್ಲಿ ಲೆಕ್ಕಕ್ಕೇ ಇಲ್ಲ; 60 ಗಿಗಾಹರ್ಟ್ಸ್‌ನಲ್ಲಿ ಅದೇ ಸುಮಾರು 38 ಓಮ್! 60ಕ್ಕೆ ಶ್ರುತಿ ಮಾಡಿದ ಆಂಪ್ಲಿಫೈಯರ್, ಲೇಔಟ್ ಮುಗಿಯುವಷ್ಟರಲ್ಲಿ 52ಕ್ಕೆ ಇಳಿದಿರುತ್ತದೆ. ಮತ್ತೆ ಗೆರೆ ಮೊಟಕು ಮಾಡು, ಮತ್ತೆ ಸಿಮ್ಯುಲೇಶನ್ ಹಾಕು. ಒಂದೇ ಇಂಡಕ್ಟರ್‌ಗಾಗಿ ವಾರವಿಡೀ ಕೂತಿದ್ದೂ ಉಂಟು. ತಯಾರಿಕೆಗೆ ಕಳಿಸಿದ ಮೇಲೆ ತಿದ್ದುವಂತಿಲ್ಲ. ಚಿಪ್ ಕೈಗೆ ಬರಲು ತಿಂಗಳುಗಳೇ ಬೇಕು.

ಈ ಕಡೆ ಬರುವ ಮನಸ್ಸಿದ್ದರೆ, ಪರೀಕ್ಷೆ ಮುಗಿದೊಡನೆ ಎಲೆಕ್ಟ್ರೊಮ್ಯಾಗ್ನೆಟಿಕ್ಸ್ ಪುಸ್ತಕ ಮಾರಬೇಡಿ. ಸಂದರ್ಶನದಲ್ಲಿ ನನಗೆ ಕೋಡಿಂಗ್ ಪ್ರಶ್ನೆ ಒಂದೂ ಬರಲಿಲ್ಲ. ಸ್ಮಿತ್ ಚಾರ್ಟ್ ಮುಂದಿಟ್ಟು, ‘ಈ ಲೋಡನ್ನು 50 ಓಮ್‌ಗೆ ಹೊಂದಿಸಿ ತೋರಿಸಿ’ ಎಂದರು.