ಜಾತ್ರೆಯ ಮಿಕ್ಸರ್, ತಂಬೂರಿಯ ಸೊಲ್ಲು

ಸುಗ್ಗಿ ಮುಗಿದು ಹಬ್ಬ-ಜಾತ್ರೆ ಶುರುವಾದವೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸೌಂಡ್ ಸಿಸ್ಟಂನವರಿಗೆ ಪುರುಸೊತ್ತಿರುವುದಿಲ್ಲ. ಒಂದೂರಿನಲ್ಲಿ ಕುರುಕ್ಷೇತ್ರ ನಾಟಕ, ಪಕ್ಕದೂರಿನಲ್ಲಿ ಆರ್ಕೆಸ್ಟ್ರಾ, ಅದರಾಚೆ ಮಾದಪ್ಪನ ಕಥೆ. ಟೆಂಪೊದಿಂದ ಇಳಿಯುವ ಸಾಮಾನಿನಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಇಳಿಯುವುದು ಮಿಕ್ಸರ್. ಆಷಾಢ ಬಂದರೆ ಅದೇ ಮಿಕ್ಸರ್ ಬಟ್ಟೆ ಹೊದ್ದುಕೊಂಡು ಅಂಗಡಿಯ ಮೂಲೆ ಸೇರುತ್ತದೆ. ಅದು ಈಚಿನ ಡಿಜಿಟಲ್ ಮಿಕ್ಸರ್ ಆಗಿದ್ದರೆ, ಮೂಲೆ ಸೇರಿದ್ದು ಅರ್ಧ ರೆಕಾರ್ಡಿಂಗ್ ಸ್ಟುಡಿಯೊ.

ಬೆಹ್ರಿಂಗರ್ ಕಂಪನಿಯ ಎಕ್ಸ್32 ಬಂದದ್ದು 2012ರಲ್ಲಿ. 32 ಮೈಕುಗಳನ್ನು ನೇರ ಸಿಕ್ಕಿಸಬಹುದಾದ ಈ ಮಿಕ್ಸರ್, ಒಂದೇ ಯುಎಸ್‌ಬಿ ವೈರಿನಲ್ಲಿ 32 ಚಾನೆಲ್‌ಗಳನ್ನೂ ಬೇರೆ ಬೇರೆಯಾಗಿಯೇ ಕಂಪ್ಯೂಟರಿಗೆ ಕಳಿಸುತ್ತದೆ. ಮರುವರ್ಷದ ಅಲೆನ್ ಅಂಡ್ ಹೀತ್ ಕ್ಯೂ-16ಕ್ಕೆ ಕಂಪ್ಯೂಟರೂ ಬೇಡ. ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ 18 ಟ್ರ್ಯಾಕ್ ಅದರಲ್ಲೇ ತುಂಬುತ್ತವೆ.

ಬೇರೆ ಬೇರೆಯಾಗಿ ಎಂಬುದೇ ಇಲ್ಲಿ ಜೀವಾಳ. ಯುಎಸ್‌ಬಿ ಇರುವ ಎಷ್ಟೋ ಸಣ್ಣ ಮಿಕ್ಸರ್‌ಗಳು ಎಡ-ಬಲ ಎಂದು ಎರಡೇ ಚಾನೆಲ್ ಕೊಡುತ್ತವೆ. ಹಾಗೆ ಬೆರೆತು ಬಂದ ದನಿಯನ್ನು ಆಮೇಲೆ ಬಿಡಿಸುವುದು, ಕಟ್ಟಿದ ಮುದ್ದೆಯಿಂದ ಹಿಟ್ಟು ನೀರು ಬೇರೆ ಮಾಡಿದ ಹಾಗೆ. ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ: ಎಷ್ಟು ಚಾನೆಲ್ ಹೊರಗೆ ಬರುತ್ತವೆ?

ಈ ಸೀಮೆಗೆ ಅದು ಏಕೆ ಮುಖ್ಯ ಎಂಬುದಕ್ಕೆ ತಂಬೂರಿ ಕಥೆಯನ್ನು ನೋಡಬೇಕು. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರಿಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಗುರುಸ್ಥಾನ. ಮುಂದಾಳಿನ ಒಂದು ಕೈಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ; ಪಕ್ಕದಲ್ಲಿ ದಮ್ಮಡಿ, ಡೋಲಕ್. ಅವನು ಸಾಲು ಬಿಟ್ಟ ಕಡೆ ಹಿಮ್ಮೇಳ ಸೊಲ್ಲು ಹಿಡಿಯುತ್ತದೆ. ಕಥೆ ಬಿರುಸಾದರೆ ಲಯ ಏರುತ್ತದೆ, ಅಳುವ ಘಟ್ಟದಲ್ಲಿ ತಾನೇ ಇಳಿಯುತ್ತದೆ. ಇದನ್ನೆಲ್ಲ ನಡೆಸುವುದು ಒಬ್ಬರ ಮುಖ ಒಬ್ಬರು ನೋಡುವ ಕಣ್ಣು. ಸಿನಿಮಾ ಹಾಡಿನಂತೆ ಮೊದಲು ತಾಳ, ಆಮೇಲೆ ತಂತಿ, ಕೊನೆಗೆ ಗಾಯಕ ಎಂದು ಒಬ್ಬೊಬ್ಬರನ್ನೇ ಗಾಜಿನ ಕೋಣೆಗೆ ಕರೆದರೆ ಕಥೆಯ ಉಸಿರೇ ನಿಲ್ಲುತ್ತದೆ. ಎಲ್ಲರೂ ಒಟ್ಟಿಗೆ ಕೂತು ಹಾಡಬೇಕು, ದನಿಗಳು ಮಾತ್ರ ಬಿಡಿಬಿಡಿಯಾಗಿ ದಾಖಲಾಗಬೇಕು. ಸ್ಟೇಜಿಗೆಂದೇ ಹುಟ್ಟಿದ ಮಿಕ್ಸರ್ ಮಾಡಬಲ್ಲ ಕೆಲಸ ಸರಿಯಾಗಿ ಇದೇ.

ಹಿಂದೆ ಆ ಅನುಕೂಲ ಇರಲಿಲ್ಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಜನಪದರ ಹಾಡುಗಳನ್ನು ಕೂಡಿಹಾಕಿದ ಕಾಲದಲ್ಲಿ ಟೇಪ್ ರೆಕಾರ್ಡರ್‌ಗೆ ಒಂದು ಮೈಕು ಸಿಕ್ಕರೆ ಅದೇ ದೊಡ್ಡದು. ಹಾಡು, ವಾದ್ಯ, ಬೀದಿಯ ಸದ್ದು ಎಲ್ಲವೂ ಒಂದೇ ಪಟ್ಟಿಗೆ ಬೀಳುತ್ತಿದ್ದವು. ಆಮೇಲೆ ಕ್ಯಾಸೆಟ್ ಬಂತು. ಮಳವಳ್ಳಿ ಮಹದೇವಸ್ವಾಮಿಯವರ ದನಿ ಕ್ಯಾಸೆಟ್ಟಿನ ಮೂಲಕ ಮನೆಮನೆ ಮುಟ್ಟಿತು. ಆದರೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ 30 ನಿಮಿಷ ಅಷ್ಟೇ. ಬೆಳಗಾಗುವ ತನಕ ನಡೆಯುವ ಕಥೆಯನ್ನು ಆ ಅಳತೆಗೆ ಕತ್ತರಿಸಲೇಬೇಕಿತ್ತು.

ಈಗ ಲೆಕ್ಕ ಬೇರೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಚಾನೆಲ್ ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತದೆ. 16 ಚಾನೆಲ್‌ನಲ್ಲಿ ಎಂಟು ಗಂಟೆ ಹಾಡಿದರೂ 67 ಜಿಬಿ ದಾಟದು. ಇಡೀ ರಾತ್ರಿಯ ಕಥೆ ಅಂಗೈಯಗಲದ ಡಿಸ್ಕಿನಲ್ಲಿ ಮೂಲೆಗೆ ಬಿದ್ದಿರುತ್ತದೆ.

ಸ್ಟೇಜಿನ ಕೈಗೆ ಮಾತ್ರ ಕೆಲವು ಅಭ್ಯಾಸ ಬಿಡಿಸಬೇಕು. ಮೊದಲನೆಯದು ಗೇನ್. ಜಾತ್ರೆಯ ಗದ್ದಲ ಮೀರಿಸಲು ಗೇನ್ ಏರಿಸುವುದು ಮಾಮೂಲು. ರೆಕಾರ್ಡಿಂಗಿನಲ್ಲಿ ಸೊನ್ನೆ ಡೆಸಿಬಲ್ ದಾಟಿದ ದನಿ ಒಡೆದೇ ಹೋಗುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ಮೊದಲಿನಂತೆ ಮಾಡಲಾರದು. ಗಗ್ಗರವನ್ನು ಜೋರಾಗಿ ಝಾಡಿಸಿದಾಗಲೂ ಮೀಟರ್ ಮೈನಸ್ 12ರ ಆಸುಪಾಸಿನಲ್ಲಿ ನಿಂತರೆ ಸಾಕು. ಸಿಗ್ನಲ್ಲನ್ನು ಗೇನ್ ದಾಟಿದ ಕೂಡಲೇ, ಅಂದರೆ ಇಕ್ಯೂ ಮತ್ತು ಫೇಡರಿಗೆ ಮುಂಚೆಯೇ ರೆಕಾರ್ಡಿಂಗಿಗೆ ತೆಗೆದುಕೊಳ್ಳಬೇಕು. ಫೀಡ್‌ಬ್ಯಾಕ್ ತಡೆಯಲು ಕೊರೆದ ಇಕ್ಯೂ, ಕಿವಿ ತುಂಬುವ ಎಕೋ ಟ್ರ್ಯಾಕಿಗೆ ಅಂಟಬಾರದು. ಎಕೋ ಬೇಕೆಂದರೆ ಆಮೇಲೆ ಹಾಕಬಹುದು. ಅಂಟಿದ್ದನ್ನು ತೆಗೆಯುವುದು ಕಷ್ಟ.

ನೆಲದ ಮೇಲಿನ ಮಾನಿಟರ್ ಬಾಕ್ಸ್ ಎತ್ತಿಟ್ಟು, ಆಕ್ಸ್‌ನಿಂದ ಹೆಡ್‌ಫೋನ್ ಕೊಡುವುದು ಒಳ್ಳೆಯದು. ಮೈಕು ಬಾಯಿಂದ ಒಂದು ಗೇಣು ದೂರವಿದ್ದರೆ ಪಕ್ಕದವರ ಮೈಕು ಮೂರು ಗೇಣಾಚೆ ಇರಲಿ. ಅಷ್ಟಾದರೂ ದಮ್ಮಡಿಯ ಪೆಟ್ಟು ಹಾಡಿನ ಮೈಕಿಗೆ ಸ್ವಲ್ಪ ನುಗ್ಗೇ ನುಗ್ಗುತ್ತದೆ. ಅದಕ್ಕೆ ಗಾಬರಿಯಾಗುವ ಅಗತ್ಯವಿಲ್ಲ. ಒಟ್ಟಿಗೆ ಕೂತು ಹಾಡಿದ್ದರ ಗುರುತು ಅದು. ಗೋಡೆಯ ಪ್ರತಿಧ್ವನಿ ಮಾತ್ರ ನಿಜವಾದ ಶತ್ರು. ಬರೀ ಸಿಮೆಂಟ್ ಹಾಲಿಗಿಂತ ಹುಲ್ಲು, ಮೂಟೆ, ಕಂಬಳಿ ತುಂಬಿದ ಹಳೇ ಮನೆಯ ಪಡಸಾಲೆ ಎಷ್ಟೋ ಮೇಲು.

ಇನ್ನೊಂದು ಕಾಟ ಕರೆಂಟಿನದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಾಗ. ಆ ನೆಲದಲ್ಲೇ ಕೂತು ಹಾಡಿದರೂ ಅರ್ತಿಂಗ್ ಸರಿಯಿಲ್ಲದಿದ್ದರೆ 50 ಹರ್ಟ್ಸ್‌ನ ಗುಂಯ್ ಸದ್ದು ಹಾಡಿನ ಅಡಿಯಲ್ಲಿ ಹರಿಯುತ್ತದೆ. ಮೈದಾನದ ಗಲಾಟೆಯಲ್ಲಿ ಅದು ಯಾರಿಗೂ ಕೇಳದು. ರೆಕಾರ್ಡಿಂಗಿನಲ್ಲಿ ಮುಂದಾಳು ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲೆಲ್ಲ ಕೇಳುತ್ತದೆ. ಮಿಕ್ಸರ್, ಲ್ಯಾಪ್‌ಟಾಪ್ ಎರಡಕ್ಕೂ ಒಂದೇ ಬೋರ್ಡಿನಿಂದ ಲೈನ್ ತೆಗೆದು, ಫ್ಯಾನು, ಡಿಮ್ಮರ್ ದೀಪ ಆರಿಸಿದರೆ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ.

ರೆಕಾರ್ಡಿಂಗ್ ಮುಗಿದ ಮೇಲೆ ಈ ಮಿಕ್ಸರ್‌ಗಳು ಇನ್ನೊಂದು ಉಪಕಾರ ಮಾಡುತ್ತವೆ. ದಾಖಲಾದ ಟ್ರ್ಯಾಕುಗಳನ್ನು ಅದೇ ಯುಎಸ್‌ಬಿ ಮೂಲಕ ಹಿಂದಕ್ಕೆ ಕಳಿಸಿದರೆ ಅವು ಅದದೇ ಫೇಡರಿಗೆ ಬಂದು ಕೂರುತ್ತವೆ. ಕಲಾವಿದರು ಊರಿಗೆ ಹೋದ ಮೇಲೂ ಸೌಂಡ್‌ನ ಹುಡುಗ ತಂಬೂರಿಯ ಫೇಡರ್ ಇಳಿಸಿ, ದಮ್ಮಡಿಯದನ್ನು ಮುಚ್ಚಿ, ಸೋಲೋ ಗುಂಡಿ ಒತ್ತಿ, ಜಾತ್ರೆಯ ಗದ್ದಲದಲ್ಲಿ ಎಂದೂ ಬಿಡಿಯಾಗಿ ಕೇಳಿರದ ಹಿಮ್ಮೇಳದವನೊಬ್ಬನ ಸೊಲ್ಲನ್ನು ಮೊದಲಿಂದ ಕೊನೆಯವರೆಗೆ ಕೇಳಬಹುದು.