ಒಂದೇ ಮನೆ, ಎರಡು ಕಂಪ್ಯೂಟರ್, ಮಾತೇ ಇಲ್ಲ!

"ತಾತ, ದೊಡ್ಡತಾತನ ವಿಡಿಯೊ ನಿಮ್ಮ ಕಂಪ್ಯೂಟರಿನಲ್ಲೇ ಇದೆ ಅಲ್ವಾ? ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಡ್ತೀರಾ?"

ರಜೆಗೆಂದು ಚಳ್ಳಕೆರೆಗೆ ಬಂದಿದ್ದ ಮೊಮ್ಮಗಳು ಶನಿವಾರ ಸಂಜೆ ಕೇಳಿದಳು. ಎಂಟನೇ ತರಗತಿಯ ಹುಡುಗಿ. ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನಗಳ ಬಗ್ಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಭಾನುವಾರ ರಾತ್ರಿ ಬಸ್ಸಿಗೆ ಹೊರಡಬೇಕು.

ಮೂರು ವರ್ಷದ ಹಿಂದೆ ಮೊಳಕಾಲ್ಮುರಿನಲ್ಲಿದ್ದ ನನ್ನ ಅಣ್ಣ ನಮ್ಮನ್ನೆಲ್ಲ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಅವರು ನಿವೃತ್ತ ಮೇಷ್ಟ್ರು. ಬಂಡೆಯ ಮುಂದೆ ನಿಂತು ಅರ್ಧ ಗಂಟೆ ಪಾಠ ಹೇಳಿದ್ದನ್ನು ನನ್ನ ಮಗ ವಿಡಿಯೊ ಮಾಡಿದ್ದ. ಹೋದ ವರ್ಷ ಅಣ್ಣ ತೀರಿಕೊಂಡರು. ಅವರ ಧ್ವನಿ ಈಗ ಉಳಿದಿರುವುದು ಆ ವಿಡಿಯೊದಲ್ಲಿ ಮಾತ್ರ. ಆ ವಿಡಿಯೊ ಇರುವುದು ನನ್ನ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಆ ಕಂಪ್ಯೂಟರಿನ ಹೊಟ್ಟೆಯೊಳಗಿಂದ ಹದಿನೈದು ದಿನದಿಂದ ಕಟಕಟ ಸದ್ದು ಬರುತ್ತಿತ್ತು.

ಹಾರ್ಡ್ ಡಿಸ್ಕ್ ಹಾಗೆ ಸದ್ದು ಮಾಡಿದರೆ ಅದು ಕೊನೆಯ ದಿನಗಳ ಸೂಚನೆ ಇರಬಹುದು. ಕೂಡಲೇ ಬೇಕಾದದ್ದನ್ನು ನಕಲು ಮಾಡಿಟ್ಟುಕೊಳ್ಳಬೇಕು. ಇವತ್ತು ನಾಳೆ ಎಂದು ತಳ್ಳಿಕೊಂಡು ಬಂದ ತಪ್ಪು ನನ್ನದೇ.

ಮನೆಯಲ್ಲಿದ್ದ ಒಂದೇ ಒಂದು ಪೆನ್‌ಡ್ರೈವ್ ಚುಚ್ಚಿದರೆ "ಫಾರ್ಮ್ಯಾಟ್ ಮಾಡಿ" ಎಂದು ಕೇಳಿತು. ಅದು ಕೆಟ್ಟುಹೋಗಿತ್ತು. ಇಂಟರ್‌ನೆಟ್ಟಿನಲ್ಲಿ ಕಳಿಸೋಣವೆಂದರೆ ಮಧ್ಯಾಹ್ನದಿಂದ ಅದೂ ಇರಲಿಲ್ಲ. ಉಳಿದದ್ದು ಒಂದೇ ದಾರಿ: ಎರಡು ಕಂಪ್ಯೂಟರುಗಳನ್ನು ಮನೆಯೊಳಗೇ ಮಾತಾಡಿಸುವುದು. ನನ್ನದರಲ್ಲಿ ವಿಂಡೋಸ್ 10, ಅವಳದರಲ್ಲಿ 11. ನಡುವೆ ಒಂದು ಗೋಡೆ ಅಷ್ಟೆ. ಆದರೂ ಒಂದಕ್ಕೊಂದು ಕಾಣಿಸಲೇ ಇಲ್ಲ.

ಒಂದು ಗಂಟೆ ಇಬ್ಬರೂ ಸಿಕ್ಕಸಿಕ್ಕ ಗುಂಡಿ ಒತ್ತಿದೆವು. ಕೊನೆಗೆ ಮೊಮ್ಮಗಳು, "ಫೈರ್‌ವಾಲ್ ಪೂರ್ತಿ ಆಫ್ ಮಾಡಿಬಿಡೋಣ ತಾತ" ಎಂದಳು.

"ಬೀಗದಕೈ ಸಿಗಲಿಲ್ಲ ಅಂತ ಬಾಗಿಲನ್ನೇ ಕಿತ್ತು ಹಾಕ್ತಾರಾ ಪುಟ್ಟಿ? ಒಂದೊಂದಾಗಿ ನೋಡೋಣ, ಬಾ" ಎಂದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ತಾಳೆಯಾಗದಿದ್ದರೆ ನಾವು ಎಲ್ಲ ಪುಸ್ತಕ ಒಟ್ಟಿಗೆ ಕೆದಕುತ್ತಿರಲಿಲ್ಲ. ಮೊದಲು ವ್ಯತ್ಯಾಸದ ಮೊತ್ತ 9ರಿಂದ ಭಾಗವಾಗುತ್ತದೆಯೇ ಎಂದು ನೋಡುತ್ತಿದ್ದೆವು. ಆದರೆ, ಎಲ್ಲೋ ಅಂಕಿ ಅದಲುಬದಲಾಗಿರಬಹುದು, 54ರ ಬದಲು 45 ಬರೆದ ಹಾಗೆ. ಒಂದು ಅನುಮಾನ ತೀರಿದ ಮೇಲೆ ಇನ್ನೊಂದು. ಅದೇ ಉಪಾಯ ಇಲ್ಲೂ ನಡೆಯಿತು.

ದಾರಿ ಇದೆಯೇ?

ಎರಡೂ ಕಂಪ್ಯೂಟರುಗಳು ಒಂದೇ ರೂಟರಿಗೆ ಸೇರಿರಬೇಕು. ಪ್ರತಿಯೊಂದಕ್ಕೂ ರೂಟರ್ ಒಂದು ವಿಳಾಸ ಕೊಡುತ್ತದೆ. ಅದೇ ಐಪಿ ವಿಳಾಸ. ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಅದು ಸಿಗುತ್ತದೆ. ನನ್ನದು 192.168.1.5, ಅವಳದು 192.168.43.120.

ಮನೆಯ ನೆಟ್‌ವರ್ಕಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆ ಬೀದಿಯ ಹೆಸರಿದ್ದಂತೆ, ಕೊನೆಯದು ಮನೆ ನಂಬರಿದ್ದಂತೆ. ನಮ್ಮ ಬೀದಿಗಳೇ ಬೇರೆಬೇರೆ! ಇಂಟರ್‌ನೆಟ್ ಇಲ್ಲವೆಂದು ಮೊಮ್ಮಗಳು ಅಮ್ಮನ ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಕೊಂಡಿದ್ದಳು. ನನ್ನದು ವೈರಿನಲ್ಲಿ ರೂಟರಿಗೆ ಸೇರಿತ್ತು.

"ರೂಟರಿನಲ್ಲಿ ನೆಟ್ ಇಲ್ವಲ್ಲ ತಾತ?" ಎಂದಳು. ಹೊರಗಿನ ನೆಟ್ ಇಲ್ಲದಿದ್ದರೂ ಮನೆಯೊಳಗಿನ ದಾರಿ ಇದ್ದೇ ಇರುತ್ತದೆ. ಊರಿಗೆ ಬಸ್ಸು ಬರದಿದ್ದರೆ ಪಕ್ಕದ ಮನೆಗೆ ನಡೆದು ಹೋಗಲಾಗದೇ? ಇದಕ್ಕೆ ಡೇಟಾವೂ ಖರ್ಚಾಗುವುದಿಲ್ಲ. ಲ್ಯಾಪ್‌ಟಾಪನ್ನು ರೂಟರಿನ ವೈಫೈಗೆ ಸೇರಿಸಿದಳು. ವಿಳಾಸ 192.168.1.7 ಆಯಿತು. ಒಂದೇ ಬೀದಿ.

ಬಾಗಿಲು ತೆರೆದಿದೆಯೇ?

ಈಗ 'ಪಿಂಗ್' ಮಾಡಿದೆವು. ಅಂದರೆ "ಮನೇಲಿ ಯಾರಿದ್ದೀರಿ?" ಎಂದು ಕೂಗುವುದು. ಲ್ಯಾಪ್‌ಟಾಪಿನಿಂದ ನನ್ನ ಕಂಪ್ಯೂಟರನ್ನು ಕೂಗಿದರೆ ಉತ್ತರವಿಲ್ಲ. ಅದು ನಿದ್ದೆಗೆ ಜಾರಿದೆಯೇ ಎಂದು ನೋಡಿದೆ, ಇಲ್ಲ. ನನ್ನ ಕಂಪ್ಯೂಟರಿನಿಂದ ರೂಟರನ್ನು ಕೂಗಿದರೆ ತಕ್ಷಣ ಓಗೊಟ್ಟಿತು. ಅಂದರೆ ವೈರು ಸರಿಯಾಗಿದೆ. ಮನೆಯಲ್ಲಿ ಜನ ಇದ್ದಾರೆ, ಬಾಗಿಲು ಮಾತ್ರ ಹಾಕಿದೆ.

ಹಾಕಿದ್ದು ಯಾಕೆಂದು ಆಮೇಲೆ ಹೊಳೆಯಿತು. ಹೋದ ತಿಂಗಳು ರೂಟರ್ ಬದಲಾಯಿಸಿದ್ದೆವು. ವಿಂಡೋಸಿಗೆ ಅದು ಹೊಸ ನೆಟ್‌ವರ್ಕ್. ಅದನ್ನು 'ಪಬ್ಲಿಕ್' ಎಂದು ಗುರುತು ಹಾಕಿಕೊಂಡಿತ್ತು. ಬಸ್ ನಿಲ್ದಾಣದ, ಹೋಟೆಲಿನ ವೈಫೈಗೆ ಆ ಗುರುತೇ ಸರಿ, ಅಲ್ಲಿ ಅಪರಿಚಿತರಿರುತ್ತಾರೆ. ನಮ್ಮ ಮನೆಯ ನೆಟ್‌ವರ್ಕಿಗೆ 'ಪ್ರೈವೇಟ್' ಎಂದಿರಬೇಕು. ಸೆಟ್ಟಿಂಗ್ಸಿನಲ್ಲಿ ಅದನ್ನು ಬದಲಾಯಿಸಿ, 'ನೆಟ್‌ವರ್ಕ್ ಡಿಸ್ಕವರಿ' ಮತ್ತು 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್' ಎರಡನ್ನೂ ಆನ್ ಮಾಡಿದೆವು. ಮತ್ತೆ ಪಿಂಗ್ ಮಾಡಿದಾಗ ನಾಲ್ಕು ಸಾಲು ಉತ್ತರ ಬಂತು! ಫೈರ್‌ವಾಲ್ ತನ್ನ ಪಾಡಿಗೆ ಕಾವಲಿದ್ದೇ ಇತ್ತು.

ಈ ಕಾವಲು ಬೇಡವೆನ್ನಬಾರದು, ಮಕ್ಕಳೇ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ದುಷ್ಟ ಪ್ರೋಗ್ರಾಮ್ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಹರಡಿತು. ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ್ದು ಫೈಲ್ ಹಂಚಿಕೊಳ್ಳುವ ಇದೇ ವ್ಯವಸ್ಥೆಯ ಹಳೆಯ ರೂಪದಲ್ಲಿದ್ದ ಬಿರುಕಿನಿಂದ. ಅದರ ಹೆಸರು ಎಸ್‌ಎಂಬಿ 1. "ಅದನ್ನು ಆನ್ ಮಾಡಿ, ಎಲ್ಲ ಸರಿಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕೋಣೆ ಯಾವುದು? ಬೀಗದಕೈ ಯಾರದು?

ಮನೆಯೊಳಗೆ ಬಂದವರಿಗೆ ಎಲ್ಲ ಕೋಣೆ ತೋರಿಸುವುದಿಲ್ಲವಲ್ಲ. ಫೋಟೊ, ವಿಡಿಯೊ ಇದ್ದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ನಲ್ಲಿ 'ಶೇರಿಂಗ್' ಆರಿಸಿ, ಅದೊಂದನ್ನೇ ಹಂಚಿದೆವು. ನಕಲು ಮಾಡಿಕೊಳ್ಳಲು ಓದುವ ಅನುಮತಿ ಸಾಕು. ಅಳಿಸುವ, ತಿದ್ದುವ ಅನುಮತಿ ಕೊಡಲಿಲ್ಲ.

ಆದರೂ ಲ್ಯಾಪ್‌ಟಾಪಿನ 'ನೆಟ್‌ವರ್ಕ್' ಕಿಟಕಿಯಲ್ಲಿ ನನ್ನ ಕಂಪ್ಯೂಟರ್ ಕಾಣಲಿಲ್ಲ. ಆಗ ಫೋಲ್ಡರ್ ಕಿಟಕಿಯ ಮೇಲಿರುವ ವಿಳಾಸದ ಜಾಗದಲ್ಲಿ ಎರಡು ಹಿಮ್ಮುಖ ಗೆರೆ ಹಾಕಿ ನೇರವಾಗಿ \\192.168.1.5 ಎಂದು ಟೈಪ್ ಮಾಡಿದಳು. ಹೆಸರಿನಿಂದ ಸಿಗದ ಮನೆ ವಿಳಾಸದಿಂದ ಸಿಕ್ಕಿತು. ಕೂಡಲೇ ಹೆಸರು, ಪಾಸ್‌ವರ್ಡ್ ಕೇಳಿತು.

ಅವಳು ತನ್ನದನ್ನು ಹಾಕಿದಳು. ಆಗಲಿಲ್ಲ. ಬೀಗ ಯಾರ ಮನೆಯದೋ ಬೀಗದಕೈಯೂ ಆ ಮನೆಯದೇ ಆಗಬೇಕು, ಅಂದರೆ ನನ್ನ ಕಂಪ್ಯೂಟರಿನದು. ನನ್ನ ಹೆಸರು ಹಾಕಿ ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟಳು, ಏಕೆಂದರೆ ನಾನು ಪಾಸ್‌ವರ್ಡ್ ಇಟ್ಟೇ ಇರಲಿಲ್ಲ. ಅದಕ್ಕೂ ಒಪ್ಪಲಿಲ್ಲ.

ನನ್ನ ವಯಸ್ಸಿನವರು ಇಲ್ಲಿ ಗಮನಿಸಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯಿಂದ ಆ ಕಂಪ್ಯೂಟರಿನ ಮುಂದೆಯೇ ಕೂತು ಕೆಲಸ ಮಾಡಬಹುದು. ಬೇರೆ ಕಂಪ್ಯೂಟರಿನಿಂದ ಒಳಗೆ ಬರಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ನಾಲ್ಕಂಕಿಯ ಪಿನ್ ಕೂಡ ಇಲ್ಲಿ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. ಬ್ಯಾಂಕಿನಲ್ಲಿದ್ದಷ್ಟು ದಿನ ಗ್ರಾಹಕರಿಗೆಲ್ಲ ಪಾಸ್‌ವರ್ಡ್ ಜೋಪಾನ ಎಂದು ಉಪದೇಶ ಮಾಡಿದವನು ನಾನು! ಅಜ್ಜಿ ಅಡುಗೆಮನೆಯಿಂದಲೇ ನಕ್ಕಳು.

ಪಾಸ್‌ವರ್ಡ್ ಇಟ್ಟೆ. ಮೊಮ್ಮಗಳು ಅದನ್ನು ಹಾಕಿದಳು. ಫೋಲ್ಡರ್ ತೆರೆದುಕೊಂಡಿತು.

ಅಣ್ಣನ ಪಾಠ

ಮೊದಲು ನಕಲು ಮಾಡಿದ್ದು ಅಣ್ಣನ ವಿಡಿಯೊ. ಆಮೇಲೆ ಉಳಿದದ್ದು, ಒಟ್ಟು 24 ಜಿಬಿ. ಬೇಗ ಆಗಲೆಂದು ಲ್ಯಾಪ್‌ಟಾಪಿಗೂ ವೈರು ಹಾಕಿದೆವು. ನಮ್ಮ ರೂಟರಿನ ವೈರಿನ ವೇಗ ಸೆಕೆಂಡಿಗೆ 100 ಮೆಗಾಬಿಟ್. 8 ಬಿಟ್ ಸೇರಿ ಒಂದು ಬೈಟ್, ಹಾಗಾಗಿ ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಎಷ್ಟು ಹೊತ್ತಾಯಿತೆಂದು ಮಕ್ಕಳು ಲೆಕ್ಕ ಹಾಕಿ ನೋಡಿ. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಆ ಹೊತ್ತೆಲ್ಲ ನಾನು ಕಟಕಟ ಸದ್ದನ್ನೇ ಕೇಳುತ್ತಾ ಕೂತಿದ್ದೆ. ಪುಣ್ಯಕ್ಕೆ ಡಿಸ್ಕ್ ಕೈಕೊಡಲಿಲ್ಲ.

ಊಟವಾದ ಮೇಲೆ ಎಲ್ಲರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಅಣ್ಣ ಬಂಡೆಯ ಪಕ್ಕ ನಿಂತು ಹೇಳುತ್ತಿದ್ದರು: 1892ರಲ್ಲಿ ಬಿ.ಎಲ್. ರೈಸ್ ಈ ಶಾಸನಗಳನ್ನು ಪತ್ತೆ ಮಾಡಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ಇದು ಸುವರ್ಣಗಿರಿಯಲ್ಲಿದ್ದ ರಾಜಪ್ರತಿನಿಧಿ ಮತ್ತು ಅಧಿಕಾರಿಗಳಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ. ಮೊದಲು ಕ್ಷೇಮ ಕೇಳಿ, ಆಮೇಲೆ ವಿಷಯ ಹೇಳುತ್ತದೆ.

"ತಾತ, ಇದೂ ಫೈಲ್ ಶೇರಿಂಗೇ ಅಲ್ವಾ?" ಎಂದಳು ಮೊಮ್ಮಗಳು.

ವಿಡಿಯೊದಲ್ಲಿ ಅಣ್ಣ ಮುಂದುವರಿಸಿದರು. ಇದೇ ಸಂದೇಶವನ್ನು ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಕೆತ್ತಿದ್ದಾರೆ. ಜಟಿಂಗ ರಾಮೇಶ್ವರದ್ದು ಬಹಳ ಸವೆದುಹೋಗಿದೆ. ಆದರೂ ಅದರಲ್ಲಿ ಏನಿತ್ತೆಂದು ನಮಗೆ ತಿಳಿಯುತ್ತದೆ, ಬ್ರಹ್ಮಗಿರಿಯ ಪ್ರತಿ ಉಳಿದಿದೆಯಲ್ಲ.

ನಾನು ಏನೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಹೊಸ ಹಾರ್ಡ್ ಡಿಸ್ಕ್ ತಂದೆ. ಅಣ್ಣನ ಧ್ವನಿ ಈಗ ಮೂರು ಕಡೆ ಇದೆ: ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ, ನಮ್ಮ ಬೀರುವಿನಲ್ಲಿ, ಮೊಳಕಾಲ್ಮುರಿನ ಅತ್ತಿಗೆಯ ಮನೆಯಲ್ಲಿ.

ನಿಮ್ಮ ಮನೆಯಲ್ಲೂ ಹೀಗಾದರೆ
• ಎರಡೂ ಕಂಪ್ಯೂಟರ್ ಎಚ್ಚರವಾಗಿವೆಯೇ, ಒಂದೇ ರೂಟರಿಗೆ ಸೇರಿವೆಯೇ ನೋಡಿ.
• ಮನೆಯ ನೆಟ್‌ವರ್ಕ್ 'ಪ್ರೈವೇಟ್' ಆಗಿರಲಿ, ಶೇರಿಂಗ್ ಆನ್ ಇರಲಿ. ಫೈರ್‌ವಾಲ್ ಆಫ್ ಮಾಡಬೇಡಿ.
• ಹೆಸರಿನಿಂದ ಸಿಗದಿದ್ದರೆ ಐಪಿ ವಿಳಾಸದಿಂದ ಹುಡುಕಿ.
• ಫೈಲ್ ಇರುವ ಕಂಪ್ಯೂಟರಿನ ಹೆಸರು, ಪಾಸ್‌ವರ್ಡ್ ಕೊಡಿ.
• ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಚೀಟಿಯಲ್ಲಿ ಬರೆದಿಡಿ.
• ಕೆಲಸ ಮುಗಿದ ಮೇಲೆ ಫೋಲ್ಡರ್ ಹಂಚಿಕೆ ನಿಲ್ಲಿಸಿ.